ನೀರಿನ ವಾಟ

“ವಾಟ ಯಾವ ಕಡೆ ಕೊಡ್ಲಿ ಸಾರ್?” ಎಂದು ಗಾರೆ ಮೇಸ್ತ್ರಿ ಕೇಳಿದ. ಬಯಲಿನಲ್ಲಿ ಹಾಸುವ ಕಾಂಕ್ರೀಟು ಎಷ್ಟೇ ನುಣುಪಾಗಿರಲಿ, ಮಳೆಯ ನೀರು ಹರಿದುಹೋಗಲು ಒಂದು ಕಡೆಗೆ ತುಸು ಇಳಿಜಾರು ಇರಲೇಬೇಕು. ಮೇಸ್ತ್ರಿಗಳ ಬಾಯಲ್ಲಿ ಅದು ವಾಟ.

ಹಿತ್ತಲಿನ ನಡುವೆ ಕಟ್ಟಿದ್ದ ನೀಲಿ ಟಾರ್ಪಾಲಿನ ಕಡೆ ಅಪ್ಪ ಗದ್ದ ಎತ್ತಿದ. “ಆ ಕಡೆ.”

“ಅದು ನಿಮ್ಮ ತಮ್ಮನೋರ ಜಾಗ ಅಲ್ವಾ? ನೀರೆಲ್ಲಾ ಅವರ ಮನೆಗೇ ಹೋಗತ್ತೆ.”

“ಹೋಗ್ಲಿ. ಸ್ವಲ್ಪ ತೊಳೆದು ಶುದ್ಧ ಆಗ್ಲಿ ಅವನು.”

ಮೇಸ್ತ್ರಿ ಅಪ್ಪನ ಪಕ್ಕ ನಿಂತಿದ್ದ ಚೂಟಿಯ ಮುಖ ನೋಡಿದ. ಬ್ಯಾಡ್ಮಿಂಟನ್ ಕೋರ್ಟು ಬೇಕಾಗಿದ್ದದ್ದು ಅವಳಿಗೆ. ಅವಳು ಕಿಸಕ್ಕನೆ ನಕ್ಕು, “ಅಪ್ಪ ಹೇಳ್ದಂಗೆ ಮಾಡಿ” ಅಂದಳು. ಚಿಕ್ಕಪ್ಪನೆಂದರೆ ಅವಳಿಗೂ ಮೈಯೆಲ್ಲ ಉರಿ.

ಆದರೆ ಆ ಚಿಕ್ಕಪ್ಪ ಇಲ್ಲದೆ ಅವಳಿಗೆ ಗತಿಯೂ ಇರಲಿಲ್ಲ. ಅವಳು ಬ್ಯಾಡ್ಮಿಂಟನ್ ಆಡುತ್ತಿದ್ದ ಹಾಲ್ ಅನ್ನು ಮಾಲೀಕ ಗೋದಾಮಿಗೆ ಬಾಡಿಗೆಗೆ ಕೊಟ್ಟಿದ್ದ. ಕಿರಿಯರ ತಂಡದ ಆಯ್ಕೆ ಹತ್ತಿರ ಬರುತ್ತಿತ್ತು. ಈ ಸಲ ತಪ್ಪಿದರೆ ಮುಂದಿನ ವರ್ಷ ಅವಳ ವಯಸ್ಸು ಮೀರುತ್ತಿತ್ತು. ಅಪ್ಪನ ಹಿತ್ತಲಲ್ಲಿ ಹಿಡಿಯುವುದು ಅರ್ಧ ಕೋರ್ಟು; ಗೋಡೆಯಾಚೆ ಚಿಕ್ಕಪ್ಪನ ಹಿತ್ತಲಲ್ಲಿ ಇನ್ನರ್ಧ. ಅಣ್ಣತಮ್ಮಂದಿರು ಮನೆ ಪಾಲಾದಾಗಿನಿಂದ ಮುಖಕ್ಕೆ ಮುಖ ಕೊಟ್ಟು ಮಾತಾಡಿದವರಲ್ಲ. ಜಗಳ ಯಾತಕ್ಕೆ ಹುಟ್ಟಿತೆಂದು ಕೇಳಿದರೆ ಅಪ್ಪ ಒಂದು ಕಥೆ ಹೇಳುತ್ತಿದ್ದ, ಚಿಕ್ಕಪ್ಪ ಇನ್ನೊಂದು. ಎರಡರಲ್ಲೂ ಹೇಳುವವನೇ ಸಾಧು, ಕೇಳುವವರು ತಲೆಯಾಡಿಸಬೇಕು.

ಕೊನೆಗೆ ಅಮ್ಮನೇ ನಾಚಿಕೆ ಬಿಟ್ಟು ಗೋಡೆಯ ಹತ್ತಿರ ನಿಂತು ಚಿಕ್ಕಮ್ಮನನ್ನು ಕೇಳಿದ್ದಳು. ಚಿಕ್ಕಪ್ಪನ ಉತ್ತರ ಬಂದದ್ದು ಒಳಗಿನಿಂದ, ಅಣ್ಣನಿಗೂ ಕೇಳಿಸುವಷ್ಟು ಜೋರಾಗಿ.

“ಗೋಡೆ ಬೇಕಾದ್ರೆ ಒಡ್ಕೊಳ್ಳಿ. ನನ್ನ ಅರ್ಧಕ್ಕೆ ನಾನೇ ಕಾಂಕ್ರೀಟ್ ಹಾಕಿಸ್ತೀನಿ, ಅವನ ಒಂದು ಹಿಡಿ ಸಿಮೆಂಟೂ ನಂಗೆ ಬೇಡ. ನನ್ನ ಕಡೆ ನಿಂತು ಆಡೋನು ನಾನೇ. ಶಟಲ್ ಇತ್ಲಾಗೆ ಬಿದ್ರೆ ಯಾರೂ ದಾಟಿ ಬರಕೂಡದು. ನಾನು ಎತ್ತಿ ಕೊಟ್ರೆ ಉಂಟು, ಇಲ್ದಿದ್ರೆ ಇಲ್ಲ!”

ಚಿಕ್ಕಪ್ಪ ಒಂದು ಕಾಲದಲ್ಲಿ ಒಳ್ಳೆಯ ಆಟಗಾರ. ಅವಳಿಗೆ ಸರಿಸಾಟಿಯಾಗಿ ಎದುರು ನಿಲ್ಲುವವರು ಆ ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಪ್ಪ ನುಂಗಿದ.

ಗೋಡೆ ಬಿದ್ದ ಸಂಜೆಯೇ ಚಿಕ್ಕಪ್ಪ ಆ ಜಾಗಕ್ಕೆ ಟಾರ್ಪಾಲು ಕಟ್ಟಿದ. ಅವನಿಗೆ ಬೇರೆ ಮೇಸ್ತ್ರಿ, ಬೇರೆ ಜಲ್ಲಿ, ಬೇರೆ ಮರಳು. ಒಂದು ಕಡೆ ಕೆಲಸ ನಡೆಯುವಾಗ ಇನ್ನೊಂದು ಕಡೆಯವರು ಕಿವಿ ನಿಮಿರಿಸಿಕೊಂಡು ಕೂರುತ್ತಿದ್ದರು. ಅಪ್ಪ ನಲ್ಲಿ, ಪೈಪು ಮಾರುವ ಅಂಗಡಿಯವನು. ಅರ್ಧ ದಿನ ಅಂಗಡಿಗೆ ಬೀಗ ಹಾಕಿ ಬಂದು, “ಅವಂದು ಬರೀ ಮರಳು ಕಣೇ, ಸಿಮೆಂಟೇ ಇಲ್ಲ, ಸದ್ದಲ್ಲೇ ಗೊತ್ತಾಗತ್ತೆ” ಎನ್ನುತ್ತಿದ್ದ. ಚೂಟಿ ಹೌದು ಹೌದು ಎನ್ನುತ್ತಿದ್ದಳು.

ಕಾಂಕ್ರೀಟು ಗಟ್ಟಿಯಾಗಿ, ಟಾರ್ಪಾಲು ಇಳಿದು, ನೆಟ್ ಏರಿತು. ಅಪ್ಪನ ಅರ್ಧದಲ್ಲಿ ಗೆರೆಗಳು ಬಿಳಿ. ಆದ್ದರಿಂದಲೇ ಚಿಕ್ಕಪ್ಪನದರಲ್ಲಿ ಹಳದಿ. ಅಷ್ಟಾಗಿಯೂ ಕೋರ್ಟು ಕೋರ್ಟಾಗಿಯೇ ಕಾಣುತ್ತಿತ್ತು.

ಆ ಇರುಳು ಮಳೆ ಸುರಿಯಿತು. ಬೆಳಿಗ್ಗೆ ಬೂಟು ಕಟ್ಟಿಕೊಂಡು ಬಂದ ಚೂಟಿ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. ಎರಡೂ ಅರ್ಧಗಳು ಹಿಂದುಗಡೆ ಒಣಗಿದ್ದವು. ನಡುವೆ, ನೆಟ್ಟಿನ ಕೆಳಗೆ, ಈ ತುದಿಯಿಂದ ಆ ತುದಿಯವರೆಗೆ ನೀರು. ಅವಳಿಗೆ ಅರ್ಥವಾಯಿತು. ಆ ಕಡೆಯ ಮೇಸ್ತ್ರಿಯೂ ಅದೇ ಪ್ರಶ್ನೆ ಕೇಳಿದ್ದ, ಅದೇ ಉತ್ತರ ಪಡೆದಿದ್ದ. ಎಷ್ಟೋ ವರ್ಷಗಳ ಮೇಲೆ ಅಣ್ಣತಮ್ಮಂದಿರ ಮಾತು ಒಂದೇ ಆಗಿತ್ತು.

ಅಪ್ಪ ಪೊರಕೆ ತಂದು ನೀರನ್ನು ಆಚೆಗೆ ದಬ್ಬಿದ. ಚಿಕ್ಕಪ್ಪನೂ ಪೊರಕೆ ತಂದು ಈಚೆಗೆ ದಬ್ಬಿದ. ಇಬ್ಬರ ಉಸಿರೂ ಏರಿತೇ ಹೊರತು ನೀರು ಹಾಗೇ ಇತ್ತು, ಸುತ್ತ ನೆಲವೂ ಒದ್ದೆಯಾಯಿತು.

“ಒಂದು ಕಡೆದು ಒಡೆದು ಸರಿ ಮಾಡ್ಸಿದ್ರೆ ಆಗಲ್ವಾ ಅಪ್ಪಾ?” ಎಂದಳು.

“ಅವನು ಒಡೀಲಿ.”

“ನಾನ್ಯಾಕೆ ಒಡೀಲಿ? ಮೊದಲು ವಂಚನೆ ಮಾಡಿದ್ದು ಯಾರು?” ಚಿಕ್ಕಪ್ಪ ಪೊರಕೆ ಎಸೆದು ರಾಕೆಟ್ ಎತ್ತಿಕೊಂಡು ಚೂಟಿಯ ಕಡೆ ತಿರುಗಿದ. “ಏಯ್, ಆಡೋದಿದ್ರೆ ಬಾ. ಭಯ ಆದ್ರೆ ಹೋಗಿ ಅಮ್ಮನ ಸೆರಗು ಹಿಡ್ಕೊ.”

ಬುದ್ಧಿ ಇದ್ದವಳಾದರೆ ಹೋಗುತ್ತಿದ್ದಳು. ಅವಳು ಅಪ್ಪನ ಮಗಳು, ಇಳಿದಳು.

ಚಿಕ್ಕಪ್ಪ ಅಣ್ಣನ ಮೇಲಿನ ಕೋಪವನ್ನೆಲ್ಲ ಶಟಲ್ಲಿಗೆ ಹಾಕಿ ಹೊಡೆದ. ಅವಳೂ ಬಿಡಲಿಲ್ಲ. ಅವನನ್ನು ಹಿಂದೆ ಹಿಂದೆ ಓಡಿಸಿದಳು, ಅವನು ಏದುಸಿರು ಬಿಡುವುದು ಕೇಳಿ ಅವಳಿಗೆ ಹಾಲು ಕುಡಿದಷ್ಟು ಸಂತೋಷ. ಅಪ್ಪ ಬದಿಯಲ್ಲಿ ನಿಂತು, “ಹಾಕು! ಇನ್ನೊಂದು ಹಾಕು!” ಎಂದು ಕೂಗುತ್ತಿದ್ದ. ಆಗ ಚಿಕ್ಕಪ್ಪ ಕೈ ಎತ್ತಿದವನು ಹೊಡೆಯಲಿಲ್ಲ, ಮೆಲ್ಲಗೆ ತಾಗಿಸಿದ. ಶಟಲ್ ನೆಟ್ ದಾಟಿ ಅಲ್ಲೇ ಇಳಿಯಿತು. ಅವಳು ಇಳಿಜಾರಿನಲ್ಲಿ ಮುಂದಕ್ಕೆ ನುಗ್ಗಿದಳು. ನೀರಿನಲ್ಲಿ ಕಾಲು ಜಾರಿತು. ಪಾದ ಒಳಕ್ಕೆ ಮಡಚಿ, ಏನೋ ಲಟಕ್ಕೆಂದಿತು.

“ನೋಡ್ದಾ! ನಿನ್ನ ನೀರಿಂದ ನನ್ನ ಮಗಳು ಬಿದ್ಲು!” ಅಪ್ಪ ಓಡಿ ಬಂದು ನೆಟ್ ಹಿಡಿದು ಅಲ್ಲಾಡಿಸಿದ.

“ಬಿದ್ದಿದ್ದು ನಿನ್ನ ನೆಲದ ಮೇಲೆ! ತಗ್ಗು ಇರೋದು ನಿನ್ನ ಕಡೆ!”

“ನನ್ನ ಕಡೆ ತಗ್ಗಾ? ಪೈಪಿನ ಅಂಗಡಿ ಇಟ್ಟೋನಿಗೆ ತಗ್ಗು ಕಲಿಸ್ತೀಯಾ?”

“ಅಪ್ಪಾ, ಕಾಲು…”

“ತಡಿ ಒಂದ್ನಿಮಿಷ. ಇವತ್ತು ಇವನಿಗೆ ತೋರಿಸ್ತೀನಿ. ಚೂಟಿ, ಒಳಗೆ ಹೋಗಿ ರಸಮಟ್ಟ ತಗೊಂಡ್ಬಾ, ಬೇಗ!”

ಅವಳು ಏಳಲಿಲ್ಲ. “ಈ ಮನೇಲಿ ಒಂದು ಕೆಲಸಕ್ಕೂ ಯಾರೂ ಆಗಲ್ಲ” ಎಂದು ಗೊಣಗಿಕೊಂಡು ಅಪ್ಪ ತಾನೇ ಒಳಗೆ ಹೋಗಿ ತಂದ. ನಡುವಿನ ಗಾಜಿನ ಕೊಳವೆಯಲ್ಲಿ ಗುಳ್ಳೆಯಿರುವ ಆ ಉದ್ದನೆಯ ಪಟ್ಟಿಯನ್ನು ನೆಟ್ಟಿನ ಕೆಳಗೆ, ಎರಡೂ ನೆಲಕ್ಕೆ ತಾಗುವ ಹಾಗೆ ಇಟ್ಟು ಮಂಡಿಯೂರಿದ. ಆ ಕಡೆಯಿಂದ ಚಿಕ್ಕಪ್ಪನೂ ಮಂಡಿಯೂರಿದ. ನರೆತ ಎರಡು ತಲೆಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದವು.

“ಮುಟ್ಬೇಡ, ಗುಳ್ಳೆ ನಿಲ್ಲಲಿ.”

“ನೀನು ಉಸಿರು ಬಿಡ್ಬೇಡ.”

ಇಬ್ಬರೂ ಉಸಿರು ಹಿಡಿದು ನೋಡಿದರು. ಅವರ ಪಕ್ಕದಲ್ಲಿ ಚೂಟಿ ಒದ್ದೆಯಲ್ಲೇ ಕುಳಿತು, ಬೂಟಿನೊಳಗೆ ಊದುತ್ತಿದ್ದ ಕಾಲನ್ನು ಎಳೆದುಕೊಂಡು, ಲೇಸಿನ ಗಂಟನ್ನು ಹುಡುಕುತ್ತಿದ್ದಳು.