ಮೂವತ್ತೆರಡು ಪಂಪುಗಳಿಗೆ ಒಂದೇ ಚಿತ್ರ

ಅನುರಾಧಾ ಪಂಪಿನ ಚಿತ್ರವನ್ನು ಬರೆದದ್ದು ಒಂದೇ ಒಂದು ಸಲ. ಕುರ್ಲಾದ ಅಡುಗೆ ಎಣ್ಣೆಯ ಕಾರ್ಖಾನೆಗೆ ಆಪರೇಟರನ ಕಂಪ್ಯೂಟರ್ ಪರದೆಗಳನ್ನು ಸಿದ್ಧಪಡಿಸುವ ಕೆಲಸ ಅವಳ ಕಂಪನಿಗೆ ಬಂದಾಗ, ಮೂವತ್ತೆರಡು ಪಂಪುಗಳನ್ನು ಮೂವತ್ತೆರಡು ಸಲ ಬಿಡಿಸುವ ಹಳೆಯ ಪದ್ಧತಿಯನ್ನು ಅವಳು ಒಪ್ಪಲಿಲ್ಲ. ತಾಯಿಚಿತ್ರ ಒಂದು, ಉಳಿದವೆಲ್ಲ ಅದರ ಪಡಿಯಚ್ಚುಗಳು. ಪ್ರತಿಯೊಂದಕ್ಕೂ ಅದರ ಪಂಪಿನ ಸಂಖ್ಯೆಯನ್ನು ತಿಳಿಸಿಬಿಟ್ಟರೆ ಸಾಕು, ಆ ಪಂಪಿನ ಸ್ಥಿತಿಯನ್ನು ಅದು ತೋರಿಸುತ್ತದೆ. ತಾಯಿಯಲ್ಲಿ ಒಂದು ಗೆರೆ ಬದಲಾದರೆ ಮಕ್ಕಳೆಲ್ಲರಲ್ಲೂ ಬದಲಾಗುತ್ತದೆ. ಪಂಪು ಓಡುತ್ತಿದ್ದರೆ ಹಸಿರು, ನಿಂತಿದ್ದರೆ ಕೆಂಪು. ಚಿತ್ರದ ಮೇಲೆ ಬೆರಳಿಟ್ಟರೆ ಓಡುವುದು ನಿಲ್ಲುತ್ತದೆ, ನಿಂತದ್ದು ಓಡುತ್ತದೆ. ದಹಿಸರ್‌ನಿಂದ ಬರುವ ಲೋಕಲ್ ರೈಲಿನಲ್ಲಿ ನಿಂತೇ ಯೋಚಿಸಿ ಕಟ್ಟಿದ ಈ ಚಿತ್ರದ ಬಗ್ಗೆ ಅವಳಿಗೆ ಸಣ್ಣದಲ್ಲದ ಹೆಮ್ಮೆಯಿತ್ತು.

ಪರೀಕ್ಷೆಯ ದಿನ ಟ್ಯಾಂಕಿಗೆ ಎಣ್ಣೆಯ ಬದಲು ನೀರು ಬಿಟ್ಟರು. ಪರದೆಯ ಮುಂದೆ ಕುಳಿತವನು ಶಂಕ್ರೆಪ್ಪ. ಇಂಡಿ ತಾಲೂಕಿನ ಕಡೆಯವನು, ಇಪ್ಪತ್ತೆಂಟು ವರ್ಷಗಳಿಂದ ಅದೇ ಕಾರ್ಖಾನೆಯ ಆಪರೇಟರ್. ಟ್ಯಾಂಕು ತುಂಬಿದೊಡನೆ ಮೂರನೆಯ ಪಂಪನ್ನು ನಿಲ್ಲಿಸಬೇಕಿತ್ತು. ನೀರು ಗುರುತಿನ ಗೆರೆ ಮುಟ್ಟುತ್ತಲೇ ಅವನು ಬೆರಳಿಟ್ಟ, ಚಿತ್ರ ಕೆಂಪಾಯಿತು. ಬೆಚ್ಚಿ ಮತ್ತೆ ಬೆರಳಿಟ್ಟ, ಹಸಿರಾಯಿತು. ಸಮಾಧಾನದಿಂದ ಕೈ ಕಟ್ಟಿಕೊಂಡು ಕುಳಿತ. ಸ್ವಲ್ಪ ಹೊತ್ತಿಗೆ ನೀರು ಟ್ಯಾಂಕಿನ ಬಾಯಿ ದಾಟಿ ಕೆಳಗೆ ಸುರಿಯಿತು.

“ಏ ಶಂಕ್ರೆಪ್ಪಾ, ಟ್ಯಾಂಕ್ ತುಂಬಸಂದ್ರ ನನ್ನ ಬೂಟ್ ತುಂಬಸ್ತೀಯೇನೋ?” ಎಂದು ಮ್ಯಾನೇಜರ್ ಧನರಾಜ್ ಒದ್ದೆ ಕಾಲನ್ನು ಝಾಡಿಸಿದ. ಸುತ್ತಲಿದ್ದವರು ನಕ್ಕರು. “ನಾಳಿ ಇನ್ನೊಂದ ಸಲ ನೋಡೂಣು. ಆಗ್ಲೂ ತಪ್ಪಿದ್ರ ನೀ ಪ್ಯಾಕಿಂಗ್‌ಗೆ ಹೋಗು. ಇಲ್ಲಿ ಬ್ಯಾರೆಯವನ್ನ ಕೂಡ್ರಸ್ತೀನಿ.”

ಅನುರಾಧಾಳ ಕೈಕೆಳಗೆ ಕೆಲಸ ಮಾಡುತ್ತಿದ್ದ, ಪಡಿಯಚ್ಚುಗಳನ್ನು ಪರದೆಯ ಮೇಲೆ ಜೋಡಿಸಿದ ಸಚಿನ ಅವಳ ಪಕ್ಕಕ್ಕೆ ಬಂದು ಪಿಸುಗುಟ್ಟಿದ: “ಮೇಡಮ್, ನಮ್ಮ ಸೈಡ್ ಏನೂ ಪ್ರಾಬ್ಲೆಮ್ ಇಲ್ಲ. ಆಪರೇಟರ್ ಮಿಸ್ಟೇಕ್ ಅಂತ ರಿಪೋರ್ಟ್ ಬರದುಬಿಡ್ರಿ.”

ಬರೆಯುವುದು ಸುಲಭವಿತ್ತು, ಬರೆಯಬೇಕಾದ ಕಾಗದವೂ ಅವಳ ಕೈಯಲ್ಲೇ ಇತ್ತು. ಆದರೆ ಇಪ್ಪತ್ತೆಂಟು ವರ್ಷ ಪಳಗಿದ ಕೈ ಎರಡನೆಯ ಸಲ ಏಕೆ ಚಾಚಿತೆಂಬುದು ತಿಳಿಯದೆ ಪೆನ್ನು ಮುಂದೆ ಹೋಗಲೊಲ್ಲದು.

“ಕಾಕಾ, ಎರಡ್ ಸಲ ಯಾಕ ದಾಬಿದ್ರಿ?” ಎಂದು ಕೇಳಿದಳು.

“ಒಮ್ಮಿ ಒತ್ತಿದ ಕೂಡ್ಲೆ ಕೆಂಪ ಆತಲ್ಲವಾ. ಚಾಲೂ ಆತು ಅಂತ ಮತ್ತ ಒತ್ತಿದೆ.”

“ಕೆಂಪಂದ್ರ ಬಂದ್ ಅಲ್ಲಾ?”

“ಯಾವ ಊರಾಗ?”

ಅವನು ಅವಳನ್ನು ಒಳಕೋಣೆಗೆ ಕರೆದೊಯ್ದ. ಗೋಡೆಯುದ್ದಕ್ಕೂ ನಿಂತ ತಗಡಿನ ಹಳೆಯ ಪ್ಯಾನೆಲ್ ಇನ್ನೂ ಕೆಲಸದಲ್ಲಿತ್ತು. ಓಡುವ ಪಂಪಿಗೆಲ್ಲ ಅಲ್ಲಿ ಕೆಂಪು ದೀಪ, ನಿಂತದ್ದಕ್ಕೆ ಹಸಿರು.

“ಕೆಂಪ ಅಂದ್ರ ಒಳಗ ಕರೆಂಟ್ ಐತಿ, ಕೈ ಹಾಕಬ್ಯಾಡ. ಹಸರ ಅಂದ್ರ ಬಂದ್ ಐತಿ, ರಿಪೇರಿ ಮಾಡು. ನಮ್ಮ ವಾಯರ್‌ಮನ್ ಮಂದಿ ಎಲ್ಲಾ ಹಂಗ ಕಲ್ತಾರ.” ಶಂಕ್ರೆಪ್ಪ ಎರಡೂ ಅಂಗೈಗಳನ್ನು ಅವಳ ಮುಂದೆ ಚಾಚಿದ. “ಅದಕ್ಕ ನೋಡು, ಹತ್ತೂ ಬೆರಳು ಅದಾವ.”

ತನ್ನ ಹಸಿರನ್ನು ನಂಬಿ ಓಡುವ ಪಂಪಿಗೆ ಯಾರಾದರೂ ಕೈ ಹಾಕಿದ್ದರೆ? ಅನುರಾಧಾ ರಿಪೋರ್ಟಿನ ಕಾಗದವನ್ನು ಮುಂದಿಟ್ಟುಕೊಂಡಳು. ಒಂದು ಚಿತ್ರದ ತಪ್ಪು ಮೂವತ್ತೆರಡು ಕಡೆ ಕುಳಿತಿತ್ತು.

ಅವಳು ಕಾಗದದ ಮೇಲೆ ಬರೆದಳು: ದೋಷ ಚಿತ್ರದ್ದು, ಆಪರೇಟರನದಲ್ಲ. ಸಚಿನನ ಮುಖ ಸಣ್ಣದಾಯಿತು. ಧನರಾಜ್ ಓದಿ ಹುಬ್ಬೇರಿಸಿದ. “ನಿಮ್ಮ ಹೆಸರ ನೀವ ಕೆಡಿಸ್ಕೊಳ್ಳಾಕತ್ತೀರಲ್ರೀ ಮೇಡಮ್. ಇರ್ಲಿ. ಆದ್ರ ನಾಳಿ ಪರೀಕ್ಷಾ ತಪ್ಪಂಗಿಲ್ಲ, ನಾ ಹೇಳಿದ್ದೂ ತಪ್ಪಂಗಿಲ್ಲ.”

ಬಣ್ಣಗಳನ್ನು ಅದಲುಬದಲು ಮಾಡಿದರೆ ಮುಗಿಯುತ್ತಿರಲಿಲ್ಲ; ಹೊಸದಾಗಿ ಸೇರಿದವರು ಹಸಿರನ್ನೇ ಚಾಲೂ ಎಂದು ಓದುವರು. ಆದ್ದರಿಂದ ತಾಯಿಚಿತ್ರದಿಂದ ಎರಡೂ ಬಣ್ಣಗಳನ್ನು ತೆಗೆದಳು. ಓಡುವ ಪಂಪು ಬಿಳಿ ತುಂಬಿದ ವೃತ್ತ, ಕೆಳಗೆ ‘ಚಾಲೂ’ ಎಂಬ ಮಾತು. ನಿಂತದ್ದು ಬರೀ ಗೆರೆಯ ವೃತ್ತ, ಕೆಳಗೆ ‘ಬಂದ್’. ಒಂದೇ ಬೆರಳಿನ ಆಟವನ್ನೂ ಬಿಟ್ಟು, ನಡೆಸಲು ಒಂದು, ನಿಲ್ಲಿಸಲು ಇನ್ನೊಂದು ಗುಂಡಿಯಿಟ್ಟಳು. ತಾಯಿಚಿತ್ರ ಹೇಗೆ ಕೆಲಸ ಮಾಡುತ್ತದೆಂಬುದನ್ನು ಶಂಕ್ರೆಪ್ಪನಿಗೂ ವಿವರಿಸಿದಳು.

ಮರುದಿನ ಧನರಾಜ್ ಟ್ಯಾಂಕಿನಿಂದ ಮೂರು ಮಾರು ದೂರ ನಿಂತ. ಶಂಕ್ರೆಪ್ಪ ಕೂಡಲೇ ಕೆಲಸಕ್ಕೆ ತೊಡಗಲಿಲ್ಲ. ಕನ್ನಡಕವನ್ನು ಒರೆಸಿಕೊಂಡು, ಪರದೆ ಪರದೆಯಾಗಿ ಒಂದೊಂದೇ ಪಂಪಿನ ಚಿತ್ರವನ್ನು ಬೆರಳು ತಾಗಿಸದೆ ಎಣಿಸುತ್ತ ಹೋದ. ಎರಡನೆಯ ಪರದೆಯಲ್ಲಿ ನಿಂತ.

“ತಾಯಿ ಬದಲಾದ್ರ ಮಕ್ಕಳೆಲ್ಲಾ ಬದಲಾಗ್ತಾವಂದಿದ್ದಿ. ಈ ಏಳನೇದು ಯಾಕ ಹಸರ ಐತಿ?”

ಅನುರಾಧಾ ತಿರುಗಿ ನೋಡಿದಳು. ಸಚಿನ ತಲೆ ಕೆರೆದುಕೊಂಡ. “ಅಲ್ಲಿ ಜಾಗಾ ಕಮ್ಮಿ ಇತ್ತು ಮೇಡಮ್. ತಾಯಿಚಿತ್ರದ ಲಿಂಕ್ ಕಡದು ಸಣ್ಣದ ಮಾಡಿದ್ದೆ.”

“ಏನಪ್ಪಾ ಸಚಿನ,” ಎಂದ ಶಂಕ್ರೆಪ್ಪ, “ಇದೊಂದಕ್ಕ ಅವ್ವನ ಬಿಡಿಸಿ ಬ್ಯಾರೆ ಸಂಸಾರ ಹೂಡಿಕೊಟ್ಟಿಯೇನು?”

ಈ ಸಲದ ನಗೆ ಸಚಿನನ ಪಾಲಿಗೆ ಬಂತು. ಅವನೇ ಆ ಚಿತ್ರವನ್ನು ಅಳಿಸಿ, ಪಕ್ಕದ ಕೊಳವೆಯ ಗೆರೆಯನ್ನು ಸರಿಸಿ, ತಾಯಿಚಿತ್ರದ ಪಡಿಯಚ್ಚನ್ನೇ ಅಲ್ಲಿ ಕೂರಿಸಿದ.

ನೀರು ಏರಿತು. ಗೆರೆ ಮುಟ್ಟಿದೊಡನೆ ಶಂಕ್ರೆಪ್ಪ ನಿಲ್ಲಿಸುವ ಗುಂಡಿಯನ್ನು ಒಂದೇ ಸಲ ಒತ್ತಿದ. ಬಿಳಿ ಹೋಗಿ ವೃತ್ತ ಬರಿದಾಯಿತು. ‘ಬಂದ್’ ಎಂದು ಬಂತು. ಅವನ ಕೈ ಮತ್ತೆ ಮೇಲೇಳಲಿಲ್ಲ. ನೀರು ಗೆರೆಯಲ್ಲೇ ನಿಂತಿತು.

ಧನರಾಜ್ ತನ್ನ ಒಣ ಬೂಟುಗಳನ್ನೊಮ್ಮೆ ನೋಡಿಕೊಂಡು, “ಆತು, ಅಲ್ಲೇ ಕುಂದರು ಮಾರಾಯಾ,” ಎಂದ.

ಶಂಕ್ರೆಪ್ಪ ಕೂರಲಿಲ್ಲ. ಅನುರಾಧಾಳ ಕಂಪನಿಯವರು ತಂದಿಟ್ಟ, ಕಾಲಿಗೆ ಚಕ್ರವಿದ್ದ ಹೊಸ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ, ಒಳಕೋಣೆಗೆ ಹೋಗಿ, ಹಳೆಯ ಪ್ಯಾನೆಲ್ಲಿನ ಮುಂದಿದ್ದ ತನ್ನ ಕಟ್ಟಿಗೆಯ ಕುರ್ಚಿಯನ್ನು ಎತ್ತಿಕೊಂಡು ಬಂದ. ಅದರ ಒಂದು ಕಾಲು ಗಿಡ್ಡ. ಆ ಕಾಲಿನಡಿಗೆ ಕೊಡುತ್ತಿದ್ದ ಮಡಿಸಿದ ರಟ್ಟನ್ನೂ ಮರೆಯದೆ ತಂದಿದ್ದ.