ಅಜ್ಜಿಗೆ ಸಿಕ್ಕ ‘ಬೇಡ’

ಈ ಪ್ರಸಂಗವನ್ನು ಮೊದಲು ಹೇಳಿದವಳು ನಮ್ಮ ಬೀದಿಯ ದರ್ಜಿ. ಕಳೆದ ಬೇಸಿಗೆಯ ಒಂದು ಸಂಜೆ, ಹೊಲಿದ ಬಟ್ಟೆ ಒಯ್ಯಲು ಬಂದಿದ್ದ ನಾವು ಐದಾರು ಮಂದಿ ಕೇಳಿದೆವು.

ಅವಳ ವಯಸ್ಸಾದ ಅತ್ತೆ ಜ್ವರದಿಂದ ಮಲಗಿದ್ದಾಗ, ಮಲೇರಿಯಾ ಸಂಶೋಧನೆಗೆಂದು ಮನೆಮನೆಗೆ ಹೋಗುತ್ತಿದ್ದ ನರ್ಸು ಬಂದಳು. ಬೆರಳು ಚುಚ್ಚಿ ರಕ್ತ ತೆಗೆಯುವ ಮೊದಲು ಒಪ್ಪಿಗೆ ಪತ್ರವನ್ನು ಗಟ್ಟಿಯಾಗಿ ಓದಿದಳು: “ನಿಮಗೆ ಬೇಡ ಎನ್ನುವ ಹಕ್ಕಿದೆ.”

ಅಜ್ಜಿ ಎದ್ದು ಕುಳಿತಳು. “ಇನ್ನೊಂದ್ಸಲ ಓದು ಮಗಳೇ.”

ನರ್ಸು ಮತ್ತೆ ಓದಿದಳು.

“ಬೇಡ!” ಎಂದು ಅಜ್ಜಿ ಕೇಕೆ ಹಾಕಿದಳು. ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ ಆ ಮಾತನ್ನಾಡಲು ಯಾರೂ ಅವಳನ್ನು ಬಿಟ್ಟಿರಲಿಲ್ಲ. ಬಿಸಿನೀರಿಗೆ ಬೇಡ, ಕಂಬಳಿಗೆ ಬೇಡ, ಕಿಟಕಿ ಮುಚ್ಚಲು ಬಂದ ಮಗನಿಗೂ ಬೇಡ!

“ಅತ್ತೇ, ಜ್ವರ ನೆತ್ತಿಗೇರಿದೆ! ಒಂದು ಹನಿ ರಕ್ತ ತಾನೇ?” ಎಂದು ದರ್ಜಿ ಗೋಗರೆದು, ನರ್ಸಿನ ಕಡೆ ತಿರುಗಿದಳು. “ಹೂಂ ಅಂದ್ರು ಅಂತ ನೀನೇ ಬರ್ಕೊಂಡ್ಬಿಡಮ್ಮ.”

“ಹಾಗೆಲ್ಲ ಬರೆಯೋಕಾಗಲ್ಲಕ್ಕ,” ಎಂದ ನರ್ಸು ‘ಬೇಡ’ ಎಂದೇ ಗುರುತು ಹಾಕಿದಳು. “ಅಜ್ಜೀ, ಸಂಶೋಧನೆಗೆ ಸೇರದಿದ್ರೂ ಜ್ವರಕ್ಕೆ ಪರೀಕ್ಷೆ, ಮಾತ್ರೆ ಎರಡೂ ಸಿಗುತ್ತೆ. ಅದೂ ಬೇಡ್ವಾ?”

ಅಜ್ಜಿ ಆ ಗುರುತನ್ನು ಬೆರಳಿನಿಂದ ಸವರಿದಳು. “ನಿಜವಾಗ್ಲೂ ಬೇಡ ಅಂತಾನೇ ಬರೆದ್ಯಾ?”

“ಹೌದಜ್ಜಿ.”

“ಹಾಗಾದ್ರೆ ಚುಚ್ಚು! ಸೊಳ್ಳೆ ನನ್ನನ್ನ ಒಂದು ಮಾತೂ ಕೇಳ್ಲಿಲ್ಲ, ನೀನು ಕೇಳ್ದೆ.”

ಮಲೇರಿಯಾವೇ ಆಗಿತ್ತು. ಕೊಟ್ಟ ಮಾತ್ರೆಗಳನ್ನು ಒಂದೂ ಬಿಡದೆ ನುಂಗಿ ಅಜ್ಜಿ ಗುಣವಾದಳು.

ದರ್ಜಿ ಸೂಜಿಗೆ ದಾರ ಪೋಣಿಸುತ್ತ, “ಇನ್ನೊಂದು ಕಥೆ ಹೇಳ್ಲಾ?” ಎಂದಳು.

“ಬೇಡ!” ಎಂದು ಒಕ್ಕೊರಲಿನಿಂದ ಕೂಗಿ, ಹೊಟ್ಟೆ ಹಿಡಿದು ನಗುತ್ತ, ನಾವೆಲ್ಲ ಎದ್ದು ಮನೆಗೆ ಹೊರಟೆವು.