ಜಿರಾಫೆಗೆ ಕೊಟ್ಟ ದನಿ

ತೆರೆ ಮೇಲೆ ಯಾವ ರೌಡಿ ಬಾಯಿ ತೆಗೆದ್ರೂ ಒಳಗಿಂದ ಬರೋದು ಗುಡುಗಿನ ದನಿ. ಡಬ್ಬಿಂಗ್ ಸ್ಟುಡಿಯೋದಲ್ಲಿ ಆ ದನಿ ಕೊಡೋನಿಗೆ ಗುಡುಗು ಅಂತ ಹೆಸರು ಬಿದ್ದಿದ್ದೇ ಅದಕ್ಕೆ. ಆಳು ನೋಡಿದ್ರೆ ಊದಿದ್ರೆ ಹಾರಿಹೋಗ್ತಾನೆ. ಮೈಕಿನ ಮುಂದೆ ನಿಂತ ಅಂದ್ರೆ ಗಾಜು ಅದುರಬೇಕು.

ಅವನನ್ನ ಸಾಕಿ ದೊಡ್ಡೋನನ್ನ ಮಾಡಿದ್ದು ಅಕ್ಕ. ಹೈಸ್ಕೂಲಲ್ಲಿ ವಿಜ್ಞಾನದ ಟೀಚರ್. ತಮ್ಮ ಮಾಡೋದು ಕೆಲಸ ಅಲ್ಲ, ಸಂಬಳ ತಗೊಂಡು ಕಿರುಚಾಟ ಅನ್ನೋದು ಅವಳ ತೀರ್ಪು. ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ಅಂಥಾದ್ರಲ್ಲಿ ಒಂದಿನ ಅವನಿಗೆ ಪ್ರಾಣಿಗಳ ಚಿತ್ರಕ್ಕೆ ದನಿ ಕೊಡೋ ಕೆಲಸ ಸಿಕ್ತು. ಜೀವವಿಕಾಸದ ಕಥೆ. ಶಾಲೆಗಳಲ್ಲಿ ತೋರ್ಸೋದಂತೆ. ಬರೆದುಕೊಟ್ಟಿದ್ದ ಮಾತು ಗಂಜಿ ಥರ ಸಪ್ಪೆ. ಗುಡುಗು ಸುಮ್ನಿರ್ತಾನಾ, ಜಿರಾಫೆ ಬಂದಾಗ ತನ್ನ ಒಗ್ಗರಣೆ ಹಾಕಿದ: "ಎಲೆ ಎತ್ತರದಲ್ಲಿತ್ತು. ಛಲ ಅದಕ್ಕಿಂತ ಎತ್ತರದಲ್ಲಿತ್ತು. ಚಾಚಿ ಚಾಚಿ ತನ್ನ ಕತ್ತನ್ನ ತಾನೇ ಬೆಳೆಸ್ಕೊಂಡಿತು, ಜಿರಾಫೆ."

ಗಾಜಿನ ಆಚೆ ಸೌಂಡ್ ಎಡಿಟರ್, ಎಲ್ಲರ ಬಾಯಲ್ಲಿ ಕತ್ತರಿ, ಎದ್ದು ನಿಂತು ಶಿಳ್ಳೆ ಹೊಡೆದ. ಕತ್ತರಿ ಅಂದ್ರೆ ಗುಡುಗಿಗೆ ಪ್ರಾಣ. ಕೆಲಸ ಇಲ್ಲದ ಕಾಲದಲ್ಲಿ ಒಂದೇ ಟೀಯನ್ನ ಎರಡು ಲೋಟ ಮಾಡಿ ಕುಡಿದವರು ಇಬ್ಬರೂ.

ಸಾಯಂಕಾಲ ಗುಡುಗು ಅದೇ ಡೈಲಾಗನ್ನ ಅಕ್ಕನ ಮುಂದೆ ಬಿಟ್ಟ. ಅವಳು ಬಟ್ಟೆ ಮಡಚೋದನ್ನ ನಿಲ್ಲಿಸಿದಳು.

"ಇದನ್ನ ಮಕ್ಕಳಿಗೆ ತೋರಿಸ್ತಾರೇನೋ?"

"ಯಾಕಕ್ಕಾ, ಪಂಚ್ ಇಲ್ವಾ?"

"ಪಂಚ್ ಇದೆ, ವಿಜ್ಞಾನ ಇಲ್ಲ. ನಿನ್ನ ಹೀರೋ ಥರ ಜಿರಾಫೆ ಜಿಮ್ಮಿಗೆ ಹೋಗಿ ಕತ್ತು ಬೆಳೆಸ್ಕೊಳ್ಳಲ್ಲ ಕಣೋ. ಗುಂಪಲ್ಲಿ ಹುಟ್ತಾನೇ ಕೆಲವಕ್ಕೆ ಕತ್ತು ಸ್ವಲ್ಪ ಉದ್ದ, ಕೆಲವಕ್ಕೆ ಗಿಡ್ಡ. ಅದು ಭಿನ್ನತೆ. ಉದ್ದ ಕತ್ತಿಂದ ಅನುಕೂಲ ಆದ್ರೆ ಅವು ಜಾಸ್ತಿ ಮರಿ ಹಾಕ್ತವೆ, ಮರಿಗಳಿಗೂ ಆ ಕತ್ತು ಬರುತ್ತೆ. ಅದು ನೈಸರ್ಗಿಕ ಆಯ್ಕೆ."

"ಆಯ್ಕೆ ಮಾಡೋರು ಯಾರು?"

"ಯಾರೂ ಇಲ್ಲ. ಡೈರೆಕ್ಟರೇ ಇಲ್ಲದ ಸಿನಿಮಾ ಅಂದ್ಕೋ. ಹಂಗೇ ಪೀಳಿಗೆ ಮೇಲೆ ಪೀಳಿಗೆ ಕಳೆದು ಇಡೀ ಗುಂಪು ಬದಲಾದ್ರೆ, ಅದು ವಿಕಾಸ. ಒಂದೇ ಒಂದು ಪ್ರಾಣಿಗೆ ವಿಕಾಸ ಆಗಲ್ಲ."

ಗುಡುಗು ಬಾಯಿ ಬಿಟ್ಕೊಂಡು ಕೇಳಿದ. ಮಾರನೇ ದಿನ ಹೋಗಿ, ಅಕ್ಕ ಹೇಳಿದ ಹಾಗೇ ಹೊಸದಾಗಿ ದನಿ ಕೊಟ್ಟ.

"ಹಳೇದು ಅಳಿಸಿಬಿಡು ಕತ್ತರಿ. ಅಕ್ಕನ ಮರ್ಯಾದೆ ಪ್ರಶ್ನೆ."

"ಅಳಿಸ್ದೆ ಅಂದ್ಕೋ. ನಮ್ಮಮ್ಮನಾಣೆ."

ಬದಲಾಯಿಸಿದೆ ಅಂತ ಹೇಳಿದಾಗ ಅಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಅವಳ ಭಾಷೆಯಲ್ಲಿ ಅದು ಚಿನ್ನದ ಪದಕ. ಚಿತ್ರ ಬಂದ ಕೂಡಲೇ ತನ್ನ ಕ್ಲಾಸಲ್ಲೇ ಮೊದಲು ಹಾಕಿಸಿದಳು. "ಇದು ನನ್ನ ತಮ್ಮನ ದನಿ. ಒಂದೊಂದು ಮಾತೂ ಸರಿಯಾಗಿದೆ, ಗಮನ ಇಟ್ಟು ಕೇಳಿ" ಅಂದಳು. ಕೊನೇ ಬೆಂಚಲ್ಲಿ ಮಂಡಿ ಮಡಚಿ ಕೂತಿದ್ದ ಗುಡುಗಿಗೆ ಎದೆ ಇಷ್ಟಗಲ ಆಯ್ತು.

ಜಿರಾಫೆ ಬಂತು. "ಎಲೆ ಎತ್ತರದಲ್ಲಿತ್ತು. ಛಲ ಅದಕ್ಕಿಂತ ಎತ್ತರದಲ್ಲಿತ್ತು..."

ಕ್ಲಾಸಿಗೆ ಕ್ಲಾಸೇ ಬೆಂಚು ಕುಟ್ಟಿತು. ಶಿಳ್ಳೆ ಬೇರೆ. ಜೀವಮಾನವಿಡೀ ಆ ಸದ್ದಿಗೇ ಬಾಯಿ ಬಿಡ್ತಿದ್ದವನಿಗೆ ಅವತ್ತು ಅದು ಕಪಾಳಕ್ಕೆ ಬಿದ್ದ ಹಾಗಾಯ್ತು. ಅಕ್ಕ ಚಿತ್ರ ನಿಲ್ಲಿಸಿದಳು.

"ಬದಲಾಯಿಸಿದೆ ಅಂದಿದ್ದೆ" ಅಂದಳು. ದನಿ ಏರಿಸಲಿಲ್ಲ.

ಗುಡುಗು ವರಾಂಡಕ್ಕೆ ಓಡಿ ಕತ್ತರಿಗೆ ಫೋನ್ ಹಚ್ಚಿದ. "ಹಳೇದು ಹಾಕು ಅಂತ ಯಾರು ಹೇಳಿದ್ರೋ?"

"ಯಾರೂ ಹೇಳಲಿಲ್ಲ, ನಾನೇ ಹಾಕ್ದೆ. ಎರಡನೇದು ಪಾಠ ಒಪ್ಪಿಸಿದ ಹಾಗಿತ್ತು ಗುರೂ. ನಿನ್ನ ಹೆಸರು ಉಳಿಸಿದೀನಿ. ಶಿಳ್ಳೆ ಬಂತೋ ಇಲ್ವೋ ಹೇಳು."

"ಅಮ್ಮನಾಣೆ ಇಟ್ಟಿದ್ದೆಯಲ್ಲೋ."

"ಅಮ್ಮ ಚೆನ್ನಾಗೇ ಇದಾರಪ್ಪ, ಏನೂ ಆಗಿಲ್ಲ."

ಎಷ್ಟೋ ಸಿನಿಮಾದಲ್ಲಿ ಗೆಳೆಯನ ಬೆನ್ನಿಗೆ ಚೂರಿ ಹಾಕೋ ಖಳನಿಗೆ ಗುಡುಗೇ ದನಿ ಕೊಟ್ಟಿದ್ದ. ಚೂರಿ ಹಾಕೋನು ಇಷ್ಟು ಪ್ರೀತಿಯಿಂದ ಮಾತಾಡ್ತಾನೆ ಅಂತ ಯಾವ ಸ್ಕ್ರಿಪ್ಟಲ್ಲೂ ಇರಲಿಲ್ಲ. ಫೋನ್ ಇಟ್ಟ.

ಒಳಗೆ ಬಂದು, "ಸೌಂಡ್ ತೆಗಿ ಅಕ್ಕಾ" ಅಂದ. ಮೂಕ ಜಿರಾಫೆ ಪಕ್ಕ ನಿಂತು, ಭಿನ್ನತೆ, ಆಯ್ಕೆ, ಪೀಳಿಗೆ, ಗುಂಪು, ಒಂದೂ ಬಿಡದೆ ತನ್ನ ಬಾಯಿಂದಲೇ ಹೇಳಿದ. ಯಾರೂ ಬೆಂಚು ಕುಟ್ಟಲಿಲ್ಲ.

ಮುಂದಿನ ಸಾಲಿನ ಹುಡುಗಿ ಕೈ ಎತ್ತಿದಳು. "ಅಂಕಲ್, ಆ ಛಲದ್ದು ಇನ್ನೊಂದ್ಸಲ ಹೇಳಿ."

"ಅದನ್ನ ಅಲ್ಲಿ ಇಟ್ಟಿದ್ದು ನಾನಲ್ಲಮ್ಮ" ಅಂದ ಗುಡುಗು.

ಮಕ್ಕಳು ಕಿಸಕ್ಕಂತ ನಕ್ಕರು. ದನಿ ಅವನದೇ ಅಲ್ವಾ, ನಂಬೋದು ಹೇಗೆ. ಅವನು ಅಕ್ಕನ ಕಡೆ ನೋಡಿದ. ಅವಳು ಅವನಿಗೆ ಬೆನ್ನು ಹಾಕಿ, ಡಸ್ಟರ್ ತಗೊಂಡು, ಏನೂ ಬರೆದಿರದ ಬೋರ್ಡನ್ನ ಒರೆಸ್ತಾ ನಿಂತಿದ್ದಳು.